ಸೋದರತ್ತೆಯ ಪಾಲು

ಹೆಣ್ಣಿನ ತ್ಯಾಗವನ್ನು ನಮ್ಮ ಸಮಾಜವು ಬಹುವಾಗಿ ಕೊಂಡಾಡುತ್ತದೆ. ತವರಿಗಾಗಿ ಸವೆದವಳು, ತಮ್ಮಂದಿರನ್ನು ಸಾಕಿದವಳು, ತನಗಾಗಿ ಏನನ್ನೂ ಬೇಡದವಳು ಎಂಬ ಮಾತುಗಳು ಶಿವಗಣಾರಾಧನೆಯ ದಿನ ಎಲ್ಲರ ಬಾಯಲ್ಲೂ ಬರುತ್ತವೆ. ಇವುಗಳಲ್ಲಿ ಮೊದಲಿನ ಎರಡು ನಮ್ಮ ಸೋದರತ್ತೆಯವರಿಗೆ ಪೂರ್ಣವಾಗಿ ಸಲ್ಲುತ್ತವೆ. ಮೂರನೆಯದು ಸಲ್ಲುವುದಿಲ್ಲ. ಅವರು ತಮ್ಮದನ್ನು ಕೇಳಿದರು, ಪಡೆದರು, ಪಡೆದುದನ್ನು ಕೈಯಾರೆ ಹಂಚಿದರು. ಅವರ ಹಿರಿಮೆ ಇರುವುದು ಇಲ್ಲಿಯೇ ಎಂದು ನನ್ನ ಭಾವನೆ.

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿ ಕೃಷ್ಣೆಯ ದಂಡೆಯ ಮೇಲಿನ ಊರು. ಅತ್ತೆಯವರು ಅಲ್ಲಿ ಹುಟ್ಟಿದ್ದು 1941ರಲ್ಲಿ. ಜಮಖಂಡಿಯು ಆಗಿನ್ನೂ ಪಟವರ್ಧನ ಅರಸರ ಸಂಸ್ಥಾನದ ರಾಜಧಾನಿ. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತಕ್ಕೆ ಸೇರಿದಾಗ ಅವರಿಗೆ ಏಳು ವರ್ಷ. ಆ ವಯಸ್ಸಿಗಾಗಲೇ ಅಜ್ಜನವರು ಒಣಗಿದ ಸೋರೆಯ ಬುರುಡೆಯನ್ನು ಬೆನ್ನಿಗೆ ಕಟ್ಟಿ ಅವರಿಗೆ ಈಜು ಕಲಿಸಿದ್ದರು. ಹೊಳೆಯ ದಂಡೆಯವರಿಗೆ ಈಜು ಬರಿಯ ಆಟವಲ್ಲ, ಜೀವ ಉಳಿಸುವ ವಿದ್ಯೆ. 2013ರ ಮಳೆಗಾಲದಲ್ಲಿ ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿಯಿಂದ ತುಂಬು ಗರ್ಭಿಣಿಯೊಬ್ಬಳು ಇಂಥ ಬುರುಡೆಗಳನ್ನೇ ಕಟ್ಟಿಕೊಂಡು, ಉಕ್ಕಿ ಹರಿಯುತ್ತಿದ್ದ ಇದೇ ಕೃಷ್ಣೆಯನ್ನು ಈಜಿ ದಡ ಸೇರಿದ ಸುದ್ದಿಯನ್ನು ಓದಿದಾಗ ಅತ್ತೆಯವರು ಪತ್ರಿಕೆಯನ್ನು ಮಡಿಚಿಟ್ಟು, "ನೋಡು, ಕಲಿತ ವಿದ್ಯಾ ಎಂಥಾ ಹೊತ್ತಿಗೆ ಕೈ ಹಿಡೀತು" ಎಂದಿದ್ದರು. ನಮ್ಮ ಮನೆಗೆ ಬಂದ ಸೊಸೆಯಂದಿರಿಗೂ ಅವರು ಈಜು ಕಲಿಸದೆ ಬಿಡಲಿಲ್ಲ.

1961ರಲ್ಲಿ ಅಜ್ಜಿಯವರು ಲಿಂಗೈಕ್ಯರಾದರು. ಆಗ ನಮ್ಮ ತಂದೆಗೆ ಆರು ವರ್ಷ, ಚಿಕ್ಕಪ್ಪನಿಗೆ ಮೂರು. ಬಂದ ಸಂಬಂಧಗಳನ್ನು ಅತ್ತೆಯವರು ಮೊದಲು ಮುಂದಕ್ಕೆ ಹಾಕಿದರು. ತಮ್ಮಂದಿರು ದೊಡ್ಡವರಾದ ಮೇಲೂ ಒಪ್ಪಲಿಲ್ಲ. ಅದನ್ನು ಯಾರಾದರೂ ತ್ಯಾಗವೆಂದು ಕರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ತಮ್ಮಂದಿರಿಗಾಗಿ ತಡೆದದ್ದು ಹತ್ತು ವರ್ಷ, ಉಳಿದದ್ದು ತನ್ನ ಇಚ್ಛೆ ಎಂದು ಅವರು ಸ್ಪಷ್ಟವಾಗಿ ಹೇಳುತ್ತಿದ್ದರು. ದೈಹಿಕ ಶಿಕ್ಷಣದ ತರಬೇತಿ ಪಡೆದು ಶಿಕ್ಷಕಿಯಾದರು. ಸೈಕಲ್ಲಿನ ಮೇಲೆ ಶಾಲೆಗೆ ಹೋಗಿಬಂದರು. ಊರೊಳಗೆ ತಮ್ಮ ಸಂಬಳದಿಂದಲೇ ಎರಡು ಅಂಕಣದ ಮನೆಯನ್ನು ಕಟ್ಟಿಸಿಕೊಂಡರು.

ಹುಡುಗಿಯರಿಗೆ ಖೋಖೋ ಕಲಿಸತೊಡಗಿದಾಗ, ಬೆಳೆದ ಹೆಣ್ಣುಮಕ್ಕಳು ಬಯಲಿನಲ್ಲಿ ಓಡುವುದೇ ಎಂದು ಹಿರಿಯರು ಆಕ್ಷೇಪಿಸಿದರು. ಕಚ್ಚೆ ಹಾಕಿ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣನ್ನು ನೋಡುವ ಕಣ್ಣಿಗೆ, ಕಚ್ಚೆ ಹಾಕಿ ಓಡುವ ಹೆಣ್ಣು ಏಕೆ ಚುಚ್ಚಬೇಕು ಎಂಬುದು ಅತ್ತೆಯವರ ಮರುಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಬರಲಿಲ್ಲ. ಆಟ ನಡೆಯಿತು.

ಖೋಖೋ ಆಟದಲ್ಲಿ ಬೆನ್ನಟ್ಟುವ ತಂಡದ ಎಂಟು ಜನ ಸಾಲಾಗಿ, ಒಬ್ಬರು ಈ ಕಡೆ, ಮತ್ತೊಬ್ಬರು ಆ ಕಡೆ ಮುಖ ಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವರು ಓಡುತ್ತಾರೆ. ಓಡುವವರು ಹಿಡಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ, ನಡುಗೆರೆಯನ್ನು ದಾಟುವಂತಿಲ್ಲ. ಕುಳಿತವರ ಬೆನ್ನು ಮುಟ್ಟಿ 'ಖೋ' ಎಂದಾಗ ಮಾತ್ರ ಅವರು ಏಳುತ್ತಾರೆ, ಮುಟ್ಟಿದವರು ಆ ಸ್ಥಳದಲ್ಲಿ ಕೂಡುತ್ತಾರೆ. ಮನೆತನವೂ ಹೀಗೆಯೇ ನಡೆಯಬೇಕೆಂದು ಅತ್ತೆಯವರು ಹೇಳುತ್ತಿದ್ದರು. ಒಬ್ಬರೇ ಓಡುತ್ತಿದ್ದರೆ ಅವರಿಗೆ ದಣಿವು, ಕುಳಿತವರಿಗೆ ಜಡ. ಸರಿಯಾದ ಹೊತ್ತಿಗೆ ಖೋ ಕೊಡುವುದನ್ನು ಕಲಿಯಬೇಕು. ತಂದೆಗೆ ಇಪ್ಪತ್ತು ತುಂಬಿದೊಡನೆ ಮನೆಯ ಲೆಕ್ಕದ ಪುಸ್ತಕವನ್ನು ಅವರ ಕೈಗಿತ್ತದ್ದು ಈ ನಂಬಿಕೆಯಿಂದಲೇ.

ನಮ್ಮೂರಿನ ಹೆಸರು ದೂರದವರಿಗೆ ತಿಳಿದಿದ್ದರೆ ಅದಕ್ಕೆ ಶ್ರಮಬಿಂದು ಸಾಗರವೇ ಕಾರಣ. ಮಳೆಗಾಲದಲ್ಲಿ ಉಕ್ಕುವ ಕೃಷ್ಣೆ ಬೇಸಿಗೆಯಲ್ಲಿ ಬತ್ತಿ ಮರಳಾಗುತ್ತಿದ್ದಳು. ಸರಕಾರದ ದಾರಿ ಕಾಯದೆ ರೈತರೇ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಹಣ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ಹೊಳೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. 'ಬ್ಯಾರೇಜ್ ಸಿದ್ದು' ಎಂದೇ ಹೆಸರಾದ ಅವರು 1991ರಲ್ಲಿ ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. 2018ರ ಮೇ ತಿಂಗಳಲ್ಲಿ, ಜಮಖಂಡಿಯ ಶಾಸಕರಾಗಿದ್ದಾಗಲೇ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಬ್ಯಾರೇಜಿನ ಕೆಲಸಕ್ಕೆ ಅತ್ತೆಯವರು ಒಂದು ತಿಂಗಳ ಸಂಬಳವನ್ನು ಕೊಟ್ಟರು, ಬೇಸಿಗೆಯ ರಜೆಯಲ್ಲಿ ಕಲ್ಲು ಹೊತ್ತರು. ಆಗ ಅವರಿಗೆ ನಲವತ್ತೆಂಟು ವರ್ಷ.

ನೀರು ನಿಂತಿತು. ಜೋಳ ಬೆಳೆಯುತ್ತಿದ್ದ ನಮ್ಮ ಹನ್ನೆರಡು ಎಕರೆಯಲ್ಲಿ ಕಬ್ಬು ನಿಂತಿತು. ಭೂಮಿಗೆ ಬೆಲೆ ಬಂದಿತು. ಬೆಲೆಯೊಡನೆ ಪಾಲಿನ ಮಾತೂ ಬಂದಿತು.

ಬಾಗಲಕೋಟೆ ಜಿಲ್ಲೆಯಾದ 1997ರಲ್ಲಿಯೇ ಅಜ್ಜನವರು ಲಿಂಗೈಕ್ಯರಾದರು. ಮರುವರ್ಷ ವಾಟ್ನಿಯ ಸಮಯದಲ್ಲಿ ತಂದೆಯವರು ಹಕ್ಕುಬಿಡುಗಡೆ ಪತ್ರವನ್ನು ಬರೆಸಿಕೊಂಡು ಅತ್ತೆಯವರ ಮನೆಗೆ ಹೋದರು. ಅಂದು ನಾನೂ ಅಲ್ಲಿದ್ದೆ.

"ಅಕ್ಕಾ, ಇಲ್ಲೊಂದು ಸಹಿ ಬೇಕಾಗೈತಿ. ಉತಾರದಾಗ ನಮ್ಮಿಬ್ಬರ ಹೆಸರು ಏರಿಸಬೇಕು."

ಅತ್ತೆಯವರು ಕನ್ನಡಕ ಹಾಕಿಕೊಂಡು ಕಾಗದವನ್ನು ಕೊನೆಯವರೆಗೆ ಓದಿದರು.

"ತಮ್ಮಾ, ನನ್ನ ಪಾಲು ನಿಮಗ ಬಿಟ್ಟುಕೊಟ್ಟೇನಿ ಅಂತ ಬರದೈತಿ. ನನ್ನ ಪಾಲು ನನ್ನ ಕೈಗೆ ಬಂದದ್ದು ಯಾವಾಗ?"

"ಅದು ಕಾಗದದ ಮಾತು, ಅಕ್ಕಾ. ನಿನಗ ನಾವು ಏನ ಕಡಿಮಿ ಮಾಡೇವಿ?"

"ಏನೂ ಕಡಿಮಿ ಮಾಡಿಲ್ಲ. ಕೊಡಾಕ ನನಗೂ ಮನಸ್ಸೈತಿ. ಆದ್ರ ನಂದು ಅಂತ ಆದ ಮ್ಯಾಲ ಕೊಡತೇನಿ. ನಂದಲ್ಲದ್ದನ್ನ ಕೊಟ್ಟೆ ಅಂದ್ರ ಅದು ದಾನ ಅಲ್ಲ, ಸುಳ್ಳು."

ಕಾನೂನು ಅವರ ಪಕ್ಷದಲ್ಲಿತ್ತು. ಕರ್ನಾಟಕವು ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಂದ ತಿದ್ದುಪಡಿಯು 1994ರ ಜುಲೈ 30ರಿಂದ ಜಾರಿಯಾಗಿ, ಅಲ್ಲಿಯವರೆಗೆ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕನ್ನು ಕೊಟ್ಟಿತ್ತು. ಆದರೆ ಕಾನೂನು ಮನಸ್ಸನ್ನು ಕೂಡಿಸಲಾರದು. ತಂದೆಯವರು ಎಂಟು ತಿಂಗಳು ಅಕ್ಕನೊಡನೆ ಮಾತನಾಡಲಿಲ್ಲ. ತಾಯಿಯ ಸ್ಥಾನದಲ್ಲಿ ನಿಂತು ಸಾಕಿದವಳು ಪಾಲು ಕೇಳಿದಳಲ್ಲ ಎಂಬುದು ಅವರ ನೋವು. ಸಾಕಿದವಳೆಂಬ ಕಾರಣಕ್ಕೇ ತನ್ನ ಹೆಸರು ಅಳಿಯಬೇಕೆ ಎಂಬುದು ಅತ್ತೆಯವರ ನೋವು. ಆ ಎಂಟು ತಿಂಗಳೂ ನಮ್ಮ ತಾಯಿಯವರು ದಿನವೂ ರೊಟ್ಟಿಯ ಬುತ್ತಿಯನ್ನು ನನ್ನ ಕೈಯಲ್ಲಿ ಕಳುಹಿಸಿದರು. ಅತ್ತೆಯವರು ಬರಿದಾದ ಬುತ್ತಿಯಲ್ಲಿ ಏನಾದರೊಂದು ಹಣ್ಣನ್ನಿಟ್ಟು ಹಿಂದಿರುಗಿಸಿದರು.

ನಾಲ್ಕು ಎಕರೆ ಅವರ ಹೆಸರಿಗಾಯಿತು. ಅದೇ ದಿನ ಅವರು ಅದನ್ನು ತಮ್ಮಂದಿರಿಗೇ ಪಾಲಿಗೆ ಮಾಡಲು ಕೊಟ್ಟರು. ಕಬ್ಬಿನ ಮೊದಲ ಬಿಲ್ಲು ಬಂದಾಗ ಆ ಹಣದಿಂದ ಧಾರವಾಡದಲ್ಲಿ ನನ್ನ ಕಾಲೇಜಿನ ಶುಲ್ಕ ಕಟ್ಟಿದರು. ಅಂದು ಸಂಜೆ ತಂದೆಯವರು ಅಕ್ಕನ ಬಾಗಿಲಿಗೆ ಹೋಗಿ, "ಊಟಕ್ಕ ಬಾ, ಅಕ್ಕಾ" ಎಂದಷ್ಟೇ ಹೇಳಿದರು. ಅವರು ಸೆರಗು ಸರಿಪಡಿಸಿಕೊಂಡು ಹೊರಟೇಬಿಟ್ಟರು. ಆ ವಿಷಯವು ಮತ್ತೆ ಎಂದೂ ಅವರಿಬ್ಬರ ನಡುವೆ ಬರಲಿಲ್ಲ.

2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಹೊಳೆಯ ದಂಡೆಯ ಕಬ್ಬೆಲ್ಲ ಮುಳುಗಿತು. ಎಪ್ಪತ್ತೆಂಟರ ಅತ್ತೆಯವರು ಕೋಲು ಹಿಡಿದು ನಿಂತು, ಮೊದಲು ದನಕರು, ಆಮೇಲೆ ಕಾಳು, ಕೊನೆಗೆ ಪಾತ್ರೆ ಎಂದು ಒಂದೊಂದನ್ನೂ ಎತ್ತರದ ಜಾಗಕ್ಕೆ ಸಾಗಿಸಿದರು. 2021ರಲ್ಲಿ ಅವರು ಲಿಂಗೈಕ್ಯರಾದಾಗ ನೋಂದಾಯಿತ ಮೃತ್ಯುಪತ್ರವೊಂದು ದೊರೆಯಿತು. ಮನೆಯ ಇಬ್ಬರು ಹೆಣ್ಣುಮಕ್ಕಳಿಗೂ ಇಬ್ಬರು ಗಂಡುಮಕ್ಕಳಿಗೂ ತಲಾ ಒಂದೊಂದು ಎಕರೆ. ಅದೇ ವರ್ಷ ತಂದೆಯವರು ತಮ್ಮ ಹೊಲದ ವಾಟ್ನಿಯಲ್ಲಿ ನನ್ನ ಹೆಸರನ್ನೂ ತಾವಾಗಿಯೇ ಬರೆಸಿದರು.

ಗಂಡನು ಮಿಕ್ಕಿ ತಂದ ಅಕ್ಕಿಯನ್ನು ಮರಳಿ ಸುರಿದು ಬಾ ಎಂದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅಧಿಕವಾದುದನ್ನು ಮುಟ್ಟದಿರುವುದು ಶರಣಮಾರ್ಗ. ಆದರೆ ತನ್ನ ಕಾಯಕಕ್ಕೆ ಸಲ್ಲುವ ಅಕ್ಕಿಯನ್ನು ಲಕ್ಕಮ್ಮ ಬೇಡವೆನ್ನಲಿಲ್ಲ. ಅದರಿಂದಲೇ ಆಕೆಯ ದಾಸೋಹ ನಡೆಯಿತು.

2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮದುವೆಯಾದ ಹೆಣ್ಣುಮಕ್ಕಳಿಗೂ ಸಮಪಾಲನ್ನು ನೀಡಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲವೆಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆದರೂ ನಮ್ಮ ಮನೆಗಳಲ್ಲಿ ಹಕ್ಕುಬಿಡುಗಡೆ ಪತ್ರಗಳು ಅರಿಶಿನ ಕುಂಕುಮದ ತಟ್ಟೆಯೊಡನೆ ಹೆಣ್ಣುಮಕ್ಕಳ ಮುಂದೆ ಬರುತ್ತಲೇ ಇವೆ. ಬಿಟ್ಟುಕೊಡುವುದು ಅವರವರ ಇಚ್ಛೆ. ಆದರೆ ಕನ್ನಡಕ ಹಾಕಿಕೊಂಡು ಕೊನೆಯವರೆಗೆ ಓದಲು ಅವರಿಗೆ ಸಮಯವನ್ನಾದರೂ ಕೊಡೋಣ.