ಅಕ್ಕನ ಚೀಟಿ ಮತ್ತು ನನ್ನ ಕೈಚೀಲ

ಬೆಂಗಳೂರಿನಲ್ಲಿ ಏನು ಎಲ್ಲಿ ರುಚಿಯಾಗಿ ಸಿಗುತ್ತದೆ ಎಂದು ನನ್ನನ್ನು ಕೇಳುವವರ ಸಂಖ್ಯೆ ಇತ್ತೀಚೆಗೆ ಹೆಚ್ಚಾಗಿದೆ. ತರಗತಿಯಲ್ಲಿ ವರ್ಷಗಟ್ಟಲೆ ಆಮ್ಲ, ಪ್ರತ್ಯಾಮ್ಲಗಳ ಪಾಠ ಮಾಡಿದಾಗ ಒಂದೇ ಒಂದು ಪ್ರಶ್ನೆ ಕೇಳದಿದ್ದ ಶಿಷ್ಯೋತ್ತಮರು ಈಗ ದೂರವಾಣಿ ಮಾಡಿ, "ಸಾರ್, ಒಳ್ಳೆಯ ಖಾರಾಬಾತ್ ಎಲ್ಲಿ? ಕೆಸವಿನ ಎಲೆ ಎಲ್ಲಿ ಸಿಗುತ್ತದೆ?" ಎಂದು ವಿಚಾರಿಸುತ್ತಾರೆ. ಸಂತೋಷವೇ. ಆದರೆ ಈ ವಿದ್ಯೆ ನನಗೆ ನಾಲಗೆಯ ಚಾಪಲ್ಯದಿಂದ ಬಂದದ್ದಲ್ಲ (ಸ್ವಲ್ಪ ಅದೂ ಇದೆ ಎಂದು ನನ್ನಾಕೆ ಹಿಂದಿನಿಂದ ಹೇಳುತ್ತಿದ್ದಾಳೆ). ಇದಕ್ಕೆ ಕಾರಣ ನಮ್ಮ ಅಕ್ಕ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದೇ ಲೇಸೆಂದು ಕುಳಿತಿದ್ದೇನೆ.

ಅಕ್ಕ ನನಗಿಂತ ಹನ್ನೊಂದು ವರ್ಷ ಹಿರಿಯಳು. ಸಾಗರ ತಾಲ್ಲೂಕಿನ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋದವಳು ಐವತ್ತು ವರ್ಷ ಆ ಮನೆಯ ಒಲೆಯನ್ನು ಆರಗೊಡಲಿಲ್ಲ. ನಾನು ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದಾಗ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುವವರ ಕೈಯಲ್ಲಿ ಅಪ್ಪೆಮಿಡಿಯ ಭರಣಿ ಕಳುಹಿಸುತ್ತಿದ್ದಳು. ಹಾಸ್ಟೆಲಿನ ಆ ಅನ್ನವನ್ನು ನಾನು ಗಂಟಲಿನಿಂದ ಕೆಳಗೆ ಇಳಿಸಿದ್ದು ಅದರ ಬಲದಿಂದ. ಭಾವ 2022ರಲ್ಲಿ ತೀರಿಕೊಂಡರು. ಮಕ್ಕಳಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಮೂರು ದಿನ ಬಾರದ ಊರಿನಲ್ಲಿ ಒಂಟಿ ಮುದುಕಿ ಇರುವುದು ಹೇಗೆ? ನಾನೇ ಹೋಗಿ, ಹಟ ಮಾಡಿ, 2023ರ ದೀಪಾವಳಿ ಕಳೆದ ಮೇಲೆ ಅವಳನ್ನು ಕರೆತಂದೆ. ಬಾಗಿಲಿಗೆ ಬೀಗ ಹಾಕಿದ ಕೈ ನನ್ನದು. ಕೀಲಿಕೈ ಈಗಲೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ.

ಬಂದವಳು ಉಣ್ಣುವುದನ್ನು ಬಿಟ್ಟಳು. ಮುನಿಸಿನಿಂದಲ್ಲ. "ಹಶಿವಿಲ್ಲೆ ಮಾರಾಯ" ಎನ್ನುತ್ತಿದ್ದಳು, ಅಷ್ಟೇ. ಎರಡು ತುತ್ತು ಅನ್ನ, ಒಂದು ಲೋಟ ಮಜ್ಜಿಗೆ. ನಲವತ್ತನಾಲ್ಕು ಕಿಲೋ ಇದ್ದವಳು ಎಂಟು ತಿಂಗಳಲ್ಲಿ ಮೂವತ್ತೇಳಕ್ಕೆ ಇಳಿದಳು. ವೈದ್ಯರು ರಕ್ತ, ಮೂತ್ರ, ಹೊಟ್ಟೆಯ ಸ್ಕ್ಯಾನು ಎಲ್ಲ ನೋಡಿ ರೋಗವೇನೂ ಇಲ್ಲ, ರುಚಿಯಾದದ್ದನ್ನು ಕೊಡಿ ಎಂದರು. ರುಚಿಯಾದದ್ದನ್ನು ಕೊಡುವುದು ಎಷ್ಟು ಕಷ್ಟವೆಂದು ಅವರಿಗೆ ತಿಳಿದಿರಲಿಕ್ಕಿಲ್ಲ.

ಮೊದಲು ನಾನು ಹೋಟೆಲುಗಳನ್ನು ನಂಬಿದೆ. ನಮ್ಮ ಮನೆ ಬಸವನಗುಡಿಯ ಆಸುಪಾಸಿನಲ್ಲಿರುವುದರಿಂದ ಈ ವಿಷಯದಲ್ಲಿ ಬಡತನವಿಲ್ಲ. 1924ರಿಂದ ನಡೆದುಬಂದಿರುವ ಎಂ.ಟಿ.ಆರ್.ಗೆ ಕರೆದೊಯ್ದು ರವೆ ಇಡ್ಲಿ ಕೊಡಿಸಿದೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಜಪಾನೀಯರ ಕೈಸೇರಿ ಅಲ್ಲಿಯ ಅಕ್ಕಿ ಬರುವುದು ನಿಂತಾಗ, ಅಕ್ಕಿಯ ಬದಲು ರವೆಯಿಂದ ಇಡ್ಲಿ ಮಾಡಿದ್ದು ತಮ್ಮ ಅಡುಗೆಮನೆಯಲ್ಲೇ ಎಂದು ಅವರು ಹೇಳಿಕೊಳ್ಳುತ್ತಾರೆ. ಮೇಷ್ಟರ ಚಾಳಿ ಬಿಡದೆ, ಮಾಮೂಲು ಇಡ್ಲಿಯನ್ನು ಉಬ್ಬಿಸುವುದು ರಾತ್ರಿಯೆಲ್ಲ ಹುದುಗುವ ಹಿಟ್ಟಿನ ಸೂಕ್ಷ್ಮಜೀವಿಗಳು, ರವೆ ಇಡ್ಲಿಯನ್ನು ಉಬ್ಬಿಸುವುದು ಮೊಸರಿನ ಹುಳಿಗೂ ಸೋಡಾಕ್ಕೂ ಆಗುವ ಜಗಳದಿಂದ ಹುಟ್ಟುವ ಅನಿಲ ಎಂದು ವಿವರಿಸಿದೆ. ಅಕ್ಕ ಗೋಡಂಬಿಯನ್ನು ಮಾತ್ರ ಎತ್ತಿ ತಿಂದು, ಉಳಿದುದನ್ನು ನನ್ನ ತಟ್ಟೆಗೆ ಸರಿಸಿದಳು.

ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಲ್ಲಿ ಶುರುವಾದದ್ದು. ಅಲ್ಲಿ ಸಾಂಬಾರಿಲ್ಲ, ಕುರ್ಚಿಯಿಲ್ಲ, ತಿಂಡಿಗಳನ್ನು ಎರಡು ಕೈಯ ಬೆರಳುಗಳಲ್ಲಿ ಎಣಿಸಿ ಮುಗಿಸಬಹುದು. ಇಡ್ಲಿಯ ಮೇಲೆ ಚಟ್ನಿ, ಕೇಳಿದಷ್ಟು ಚಟ್ನಿ. ನನಗೆ ಕೇಳಿದರೆ, ಸಾಂಬಾರನ್ನು ಮಾಡದೇ ಇರುವ ಧೈರ್ಯವೇ ಆ ಅಂಗಡಿಯ ಯಶಸ್ಸಿನ ಅರ್ಧ ಗುಟ್ಟು. ಮಾಡಬಲ್ಲ ನಾಲ್ಕನ್ನು ಪ್ರತಿದಿನ ಒಂದೇ ಹದದಲ್ಲಿ ಮಾಡುವುದು ಸುಲಭದ ಕೆಲಸವಲ್ಲ. ಅಕ್ಕ ಕಾರಿನಲ್ಲೇ ಕುಳಿತು, "ಚಟ್ನಿ ಅಡ್ಡಿಲ್ಲೆ" ಎಂದಳು. ನನಗೆ ರ‍್ಯಾಂಕು ಬಂದಷ್ಟು ಹಿಗ್ಗು. ಮರುದಿನ ಅದೇ ಚಟ್ನಿ ತಂದರೆ ಮುಟ್ಟಲಿಲ್ಲ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ದೋಸೆಯ ವಿಷಯದಲ್ಲಿ ತಪ್ಪು ನನ್ನದೇ. 1943ರಿಂದ ಜನ ಕಾದು ನಿಂತು ತಿನ್ನುವ ದೋಸೆ ಅದು. ನಾನು ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ಒಯ್ದೆ. ಕಾವಲಿಯಿಂದ ಇಳಿದ ಮಸಾಲೆ ದೋಸೆಯೊಳಗಿನ ಉಗಿಗೆ ಹೊರಹೋಗಲು ದಾರಿ ಬೇಕು. ಎಲೆ, ಕಾಗದ ಸುತ್ತಿದರೆ ಅದು ಅಲ್ಲೇ ನೀರಾಗಿ ಗರಿಗರಿಯಾದದ್ದನ್ನು ಹತ್ತು ನಿಮಿಷದಲ್ಲಿ ಚಕ್ಕಳ ಮಾಡುತ್ತದೆ. ಒಂಬತ್ತನೆಯ ತರಗತಿಯ ಪಾಠ. ಕಲಿಸಿದವನಿಗೆ ನೆನಪಾಗಲಿಲ್ಲ.

ಕೊನೆಗೆ, "ಅಪ್ಪಟ ಮಲೆನಾಡ ಊಟ" ಎಂಬ ಫಲಕ ಹಾಕಿಕೊಂಡ ಒಂದು ಹೋಟೆಲಿಗೂ ಹೋದೆವು. ಹೆಸರು ಬೇಡ. ಅಪ್ಪೆಹುಳಿ ಎಂದು ಪುಟ್ಟ ತಾಮ್ರದ ಚೊಂಬಿನಲ್ಲಿ ತಂದಿಟ್ಟರು. ಅಕ್ಕ ಒಂದು ಗುಟುಕು ಕುಡಿದು ಕೆಳಗಿಟ್ಟು, "ಇದೆಂತ ಅಪ್ಪೆಹುಳಿ ಮಾರಾಯ, ಇದು ಪಾನಕ!" ಎಂದಳು. ನಿಂಬೆಯ ರಸಕ್ಕೆ ಸಕ್ಕರೆ ಬೆರೆಸಿ ಸಾಸಿವೆ ಸಿಡಿಸಿದ್ದರು. ಬಿಲ್ಲು ಮಾತ್ರ ಹುಳಿಯಾಗಿತ್ತು.

ಆ ದಿನ ನನಗೆ ಒಂದು ವಿಚಾರ ಹೊಳೆಯಿತು. ತಿಂಡಿಯನ್ನು ಹುಡುಕುವ ಬದಲು ಸಾಮಾನು ಹುಡುಕಬೇಕು. 2024ರ ಆಷಾಢ, ಊರಿನಲ್ಲಾದರೆ ಕರಕಲಿಯ ಕಾಲ. ತಿಳಿಯದವರಿಗೆ ಹೇಳುತ್ತೇನೆ: ಕೆಸವಿನ ಎಲೆಯನ್ನು ಹುಳಿ, ಸೂಜಿಮೆಣಸುಗಳೊಂದಿಗೆ ಗಂಟೆಗಟ್ಟಲೆ ಬೇಯಿಸಿ, ಕಪ್ಪು ಮುದ್ದೆಯಾದ ಮೇಲೆ ಬೆಳ್ಳುಳ್ಳಿಯ ಒಗ್ಗರಣೆ ಕೊಡುವ ಪದಾರ್ಥ ಅದು. ನೋಡಲು ಚಂದವಿಲ್ಲ. ಜಡಿಮಳೆಯ ದಿನ ಬಿಸಿ ಅನ್ನಕ್ಕೆ ಕಲಸಿ ಉಂಡವನಿಗೆ ಬೇರೇನೂ ಬೇಡ.

ಕೈಚೀಲ ಹಿಡಿದು ಹೊರಟೆ. ಗಾಂಧಿ ಬಜಾರಿನಲ್ಲಿ ಕೇಳಿದರೆ ಸೊಪ್ಪಿನಾಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಗೆಡ್ಡೆ ಇದೆ ಎಲೆ ಯಾರು ತಿಂತಾರೆ ಸ್ವಾಮಿ ಎಂದಳು. ಬೆಳಗಿನ ಐದೂವರೆಗೆ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋದೆ. ಸೇವಂತಿಗೆಯ ರಾಶಿಗಳ ನಡುವೆ ಜಾಗ ಮಾಡಿಕೊಂಡು, ಮೂಟೆ ಹೊತ್ತವರ ಬೈಗುಳ ತಿನ್ನುತ್ತಾ ಎರಡು ಸುತ್ತು ಹಾಕಿದರೂ ಕೊತ್ತಂಬರಿ, ಸಬ್ಬಸಿಗೆ, ದಂಟು, ಪಾಲಕ್... ಕೆಸು ಇಲ್ಲ. ಇನ್ನು ಮಲ್ಲೇಶ್ವರವೇ ಗತಿ. ಮೆಟ್ರೋದ ಹಸಿರು ಮಾರ್ಗ 2017ರಲ್ಲಿ ಈ ಕಡೆಗೆ ಬಂದ ಮೇಲೆ ನನ್ನಂಥವರಿಗೆ ಮಲ್ಲೇಶ್ವರ ಪಕ್ಕದ ಬೀದಿಯಾಗಿದೆ. ನ್ಯಾಷನಲ್ ಕಾಲೇಜಿನಲ್ಲಿ ಹತ್ತಿದರೆ ನಾಲ್ಕನೆಯ ನಿಲ್ದಾಣ ಸಂಪಿಗೆ ರಸ್ತೆ. ಎಂಟನೆಯ ಅಡ್ಡರಸ್ತೆಯ ಸುತ್ತಮುತ್ತ ಕರಾವಳಿ ಮತ್ತು ಮಲೆನಾಡಿನ ಸಾಮಾನು ಮಾರುವ ಅಂಗಡಿಗಳಿವೆ. ಕುಚ್ಚಲಕ್ಕಿ, ಮುರುಗಲ ಸಿಪ್ಪೆ, ಹಲಸಿನ ಹಪ್ಪಳ, ಒಣಗಿದ ಸೂಜಿಮೆಣಸು (ಅಲ್ಲಿ ಜೀರಿಗೆ ಮೆಣಸು ಎಂದು ಕೇಳಿ), ಮಳೆಗಾಲದಲ್ಲಿ ಪತ್ರೊಡೆಗೆಂದು ಕೆಸವಿನ ಎಲೆಯ ಕಟ್ಟು. ಅಲ್ಲಿಗೆ ಹೋದಾಗೆಲ್ಲ ನ್ಯೂ ಕೃಷ್ಣ ಭವನದಲ್ಲಿ ಕುಳಿತು ಕಾಫಿ ಕುಡಿಯುವುದು ನನ್ನ ಹಳೆಯ ರೂಢಿ. ಅದು 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿದೆ ಎಂಬುದನ್ನು ಕಾಲು ಮರೆತು ಅತ್ತಲೇ ನಡೆಯಿತು. ಮುಚ್ಚಿದ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು, ಎಲೆಯ ಕಟ್ಟನ್ನು ಹಿಡಿದುಕೊಂಡು ವಾಪಸು ಬಂದೆ.

ಅಕ್ಕನಿಗೆ ಅಚ್ಚರಿ ಮಾಡಬೇಕೆಂದು ಯಾರಿಗೂ ಹೇಳದೆ, ಅವಳು ಮಲಗಿದ್ದಾಗ ನಾನೇ ಬೇಯಿಸಿದೆ. ಕುಕ್ಕರಿನಲ್ಲಿ ಮೂರು ಸೀಟಿ. ಅನ್ನಕ್ಕೆ ಕಲಸಿ ಮೊದಲ ತುತ್ತು ಬಾಯಿಗಿಟ್ಟ ಅರ್ಧ ನಿಮಿಷಕ್ಕೆ ನನ್ನ ಗಂಟಲಿನಲ್ಲಿ ಕಂಬಳಿಹುಳು ಹರಿದಾಡಿದಂತಾಯಿತು. ನನ್ನಾಕೆ ತುಟಿ ಉಜ್ಜಿಕೊಳ್ಳುತ್ತಾ ಮಜ್ಜಿಗೆಗೆ ಓಡಿದಳು. ಕೆಸವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಅವು ಬಾಯಿಯ ಒಳಪದರವನ್ನು ಚುಚ್ಚುವುದರಿಂದಲೇ ತುರಿಕೆ; ಹುಳಿ ಹಾಕಿ ದೀರ್ಘಕಾಲ ಬೇಯಿಸಿದರೆ ಮಾತ್ರ ತಹಬಂದಿಗೆ ಬರುತ್ತದೆ. ಇದನ್ನು ನಾನು ಕರಿಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದವನು!

ಅಕ್ಕ ಇನ್ನೂ ಉಂಡಿರಲಿಲ್ಲ. ನಮ್ಮಿಬ್ಬರ ಅವಸ್ಥೆ ನೋಡಿ ಮೊದಲು ಗಾಬರಿಯಾದಳು, ಆಮೇಲೆ ನಕ್ಕಳು. ಭಾವ ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಕೆಮ್ಮು ಬರುವವರೆಗೆ ನಕ್ಕು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಗೋಡೆ ಹಿಡಿದು ಎದ್ದು ಅಡುಗೆಮನೆಗೆ ನಡೆದಳು. ಉಳಿದ ಎಲೆಗಳನ್ನು ತಿರುವಿ ನೋಡಿದಳು. ದಂಟು ಹಸಿರಾಗಿರುವುದು ಬೇರೆ, ಕಪ್ಪಾಗಿರುವ ಕರಿಕೆಸವೇ ಬೇರೆ. ಇದರಲ್ಲಿ ಮಾಡುವುದಾದರೆ ಹುಳಿ ಎರಡರಷ್ಟು ಬೇಕು, ನಾರು ತೆಗೆಯಬೇಕು, ಕುಕ್ಕರು ಕೂಡದು. ಹೀಗೆ ಹೇಳುತ್ತಲೇ ಎಲೆಗಳನ್ನು ಸುರುಳಿ ಸುತ್ತಿ ಗಂಟು ಹಾಕತೊಡಗಿದಳು. ಆ ಬೆರಳುಗಳು ನಡುಗುತ್ತಿರಲಿಲ್ಲ. ಸಂಜೆ ನಾಲ್ಕರಿಂದ ಆರೂವರೆಯವರೆಗೆ ಸಣ್ಣ ಉರಿಯಲ್ಲಿ ಬೆಂದಿತು. ರಾತ್ರಿ ಊಟಕ್ಕೆ ಕುಳಿತಾಗ ಅಕ್ಕ ಎರಡನೆಯ ಬಾರಿ ಅನ್ನ ಹಾಕಿಸಿಕೊಂಡಳು. ನನ್ನಾಕೆ ನನ್ನತ್ತ ನೋಡಿದಳು. ನಾನು ಫ್ಯಾನಿನತ್ತ ನೋಡಿದೆ.

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ತಿಳಿಯಬೇಡಿ. ಆ ರಾತ್ರಿ ನನ್ನಾಕೆ ಮಲಗುವ ಮುನ್ನ, "ಎಂಟು ತಿಂಗಳು ನಾನು ಮಾಡಿದ್ದು ಅವರಿಗೆ ಹಿಡಿಸಲಿಲ್ಲವೆಂದಾಯಿತಲ್ಲ" ಎಂದಳು. ವಯಸ್ಸಾದವರು, ದುಃಖದಲ್ಲಿರುವವರು ಎಂದು ಅತ್ತಿಗೆಯ ಕೈಗೆ ಒಂದು ಸೌಟನ್ನೂ ಕೊಡದೆ ಮುಚ್ಚಟೆಯಿಂದ ನೋಡಿಕೊಂಡವಳು ಅವಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅಕ್ಕನಿಗೂ ಅದು ತಿಳಿಯಿತೆಂದು ಕಾಣುತ್ತದೆ. ಎರಡು ದಿನ ಅಡುಗೆಮನೆಯ ಕಡೆ ಸುಳಿಯಲಿಲ್ಲ, ಊಟವೂ ಮೊದಲಿನಂತೆ ಎರಡು ತುತ್ತಾಯಿತು. ಮೂರನೆಯ ದಿನ ನಾನು ಹಾಲು ತರಲು ಹೋಗಿದ್ದಾಗ ಅವರಿಬ್ಬರ ನಡುವೆ ಏನು ಮಾತಾಯಿತೋ, ಇಂದಿನವರೆಗೆ ನನಗೆ ಹೇಳಿಲ್ಲ. ಬೆಳಗಿನ ಹತ್ತರವರೆಗೆ ಒಲೆ ನನ್ನಾಕೆಯದು, ಆಮೇಲೆ ಅಕ್ಕನದು ಎಂಬ ಏರ್ಪಾಡು ಜಾರಿಗೆ ಬಂದಿತ್ತು.

ಅಂದಿನಿಂದ ನನಗೆ ಚೀಟಿ ಬರುತ್ತದೆ. ಹರಿದ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ, ನಾಲ್ಕನೆಯ ಇಯತ್ತೆಯವರೆಗೆ ಓದಿದವಳ ದುಂಡು ಅಕ್ಷರ. ತಂಬುಳಿಗೆ ಒಂದೆಲಗ: ಇದು ಗಾಂಧಿ ಬಜಾರಿನಲ್ಲೇ ಸಿಗುತ್ತದೆ, ಬೇರು ಸಮೇತ ಕಟ್ಟಿರುವುದನ್ನು ಕೊಳ್ಳಿ, ಬೇರನ್ನು ಕುಂಡದಲ್ಲಿ ಊರಿದರೆ ಮುಂದಿನ ತಿಂಗಳು ಕೊಳ್ಳಬೇಕಾಗಿಲ್ಲ. ದೊಡ್ಡಪತ್ರೆಯನ್ನು ದುಡ್ಡು ಕೊಟ್ಟು ತಂದರೆ ಅಕ್ಕ ಬೈಯುತ್ತಾಳೆ. ಪಕ್ಕದ ಮನೆಯ ಕಾಂಪೌಂಡಿನಲ್ಲಿ ಬೆಳೆದಿದೆ. ತೊಡೆದೇವಿಗೆ ಜೋನಿಬೆಲ್ಲ ಮಲ್ಲೇಶ್ವರದಲ್ಲಿ. ಬಣ್ಣಕ್ಕೆ ಬ್ಯಾಡಗಿ ಮೆಣಸು: ಒಣಗಿ ಸುಕ್ಕುಸುಕ್ಕಾಗಿರಬೇಕು, ನುಣುಪಾಗಿ ಹೊಳೆಯುವುದನ್ನು ತಂದರೆ ಖಾರ ಹೆಚ್ಚು, ಕೆಂಪು ಕಡಿಮೆ.

ಮಾವಿನ ಮಿಡಿಯ ವಿಷಯದಲ್ಲಿ ನನಗೆ ಪೂರ್ತಿ ತರಬೇತಿಯೇ ಆಯಿತು. ಬೇಸಗೆಯ ಆರಂಭದಲ್ಲಿ ಮಾರುಕಟ್ಟೆಗೆ ಬರುವ ಮಿಡಿಯೆಲ್ಲ ಅಪ್ಪೆಮಿಡಿಯಲ್ಲ, ಮಾರುವವರು ಏನೇ ಹೇಳಲಿ. ತೊಟ್ಟು ಮುರಿದು ಸೊನೆಯನ್ನು ಮೂಸಬೇಕು. ಜೀರಿಗೆಯ ವಾಸನೆ, ಕರ್ಪೂರದ ವಾಸನೆ ಏನಾದರೊಂದು ಮೂಗಿಗೆ ತಟ್ಟನೆ ಹೊಡೆಯಬೇಕು. ಬರಿಯ ಮಾವಿನ ವಾಸನೆ ಬಂದರೆ ಮುಂದಿನ ಬುಟ್ಟಿ. ಕಳೆದ ಮಾರ್ಚಿನಲ್ಲಿ ನಾನು ಹೀಗೆ ತೊಟ್ಟು ಮುರಿಯುತ್ತಾ ಕುಳಿತಿದ್ದಾಗ ವ್ಯಾಪಾರಿ ಸಿಟ್ಟಾದ. ಪಕ್ಕದಲ್ಲಿ ನಿಂತಿದ್ದವರೊಬ್ಬರು, "ಇವರು ನಮ್ಮ ಮೇಷ್ಟರು, ಪರೀಕ್ಷೆ ಮಾಡದೆ ಬಿಡುವುದಿಲ್ಲ" ಎಂದು ಸಮಾಧಾನಪಡಿಸಿದರು. 1994ನೇ ಸಾಲಿನ ವಿದ್ಯಾರ್ಥಿಯಂತೆ. ಓದುತ್ತಿದ್ದರೆ ನಿಮಗೆ ನನ್ನ ವಂದನೆಗಳು. ಆ ಮಿಡಿ ಚೆನ್ನಾಗಿ ಬಂದಿದೆ, ಒಂದು ಬಾಟಲಿ ತೆಗೆದಿರಿಸಿದ್ದೇನೆ.

ಜನವರಿಯಲ್ಲಿ ಅವರೆಕಾಯಿಯ ಸರದಿ ಬಂದಾಗ ಅಧಿಕಾರ ಮತ್ತೆ ನನ್ನಾಕೆಯ ಕೈಗೆ ಹೋಗುತ್ತದೆ. ಅವಳು ಮಾಗಡಿ ಸೀಮೆಯವಳು. ಸೊಗಡಿನ ಅವರೆಯನ್ನು ಸಿಪ್ಪೆ ಮುಟ್ಟಿ ಆರಿಸುತ್ತಾಳೆ; ಕೈಗೆ ಎಣ್ಣೆಯಂಥ ಜಿಡ್ಡು ಹತ್ತದಿದ್ದರೆ ಅದು ಅವರೆಯೇ ಅಲ್ಲ. ಹಿತಕಿದಬೇಳೆಯ ಸಾರನ್ನು ಅಕ್ಕ ಮೊದಲು ಅನುಮಾನದಿಂದ ನೋಡಿದಳು. ಈಗ ರಾತ್ರಿ ನೆನೆಹಾಕಿದ ಕಾಳನ್ನು ಬೆಳಿಗ್ಗೆ ಇಬ್ಬರೂ ಎದುರುಬದುರು ಕುಳಿತು ಹಿತುಕುತ್ತಾರೆ. ನನ್ನ ಕೈಗೆ ಕಾಳು ಸಿಕ್ಕರೆ ಸೂರಿಗೆ ಹಾರುತ್ತದೆ ಎಂದು ನನ್ನನ್ನು ಹತ್ತಿರ ಸೇರಿಸುವುದಿಲ್ಲ.

ತೂಕ ನಲವತ್ತೊಂದಕ್ಕೆ ಬಂದು ನಿಂತಿದೆ. ಅದರಿಂದಾಚೆಗೆ ಏರಿಲ್ಲ. ಕೆಲವು ದಿನ ಈಗಲೂ ಹಸಿವಿಲ್ಲವೆಂದು ಮಲಗಿಬಿಡುತ್ತಾಳೆ, ಅಂಥ ದಿನ ಯಾವ ಮಾರುಕಟ್ಟೆಯೂ ಉಪಯೋಗಕ್ಕೆ ಬರುವುದಿಲ್ಲ. ಈ ಮಳೆಗಾಲದ ಒಂದು ಮಧ್ಯಾಹ್ನ, "ಬಾವಿಕಟ್ಟೆಯ ಹಿಂದಿನ ಕರಿಕೆಸು ಈ ಸಲವೂ ಎದ್ದಿರ್ತು, ನೀರು ಹಾಕುವವರು ಬೇಕಂತಿಲ್ಲೆ" ಎಂದಳು. ಕರೆದುಕೊಂಡು ಹೋಗು ಎನ್ನಲಿಲ್ಲ. ನಾನು ಸೆಳೆಖಾನೆ ತೆರೆದು ಕೀಲಿಕೈ ಇದೆಯೇ ಎಂದು ನೋಡಿಕೊಂಡೆ. ಮಳೆ ಕಡಿಮೆಯಾದ ಮೇಲೆ ರೈಲಿನಲ್ಲಿ ಹೋಗಿ ಬರುವ ಯೋಚನೆಯಿದೆ. ವೈದ್ಯರನ್ನು ಇನ್ನೂ ಕೇಳಿಲ್ಲ.

ಈ ವಾರದ ಚೀಟಿ ನನ್ನ ಮುಂದಿದೆ. ಸೂಜಿಮೆಣಸು, ಮುರುಗಲ ಸಿಪ್ಪೆಗಳಿಗೆ ಗುರುತು ಹಾಕಿಯಾಯಿತು. ಉಳಿದಿರುವುದು ವಾಟೆಹುಳಿ. ಹಸಿಯದಲ್ಲ, ಸೀಳಿ ಬಿಸಿಲಿಗೆ ಒಣಗಿಸಿದ್ದು. ಮಲ್ಲೇಶ್ವರದಲ್ಲಿ ಮೂರು ಅಂಗಡಿ ಕೇಳಿಯಾಯಿತು, ಮೂವರೂ ಮುರುಗಲನ್ನೇ ತೋರಿಸಿದರು. ನಿಮ್ಮಲ್ಲಿ ಯಾರಾದರೂ ಸಾಗರ, ಸಿರ್ಸಿ ಕಡೆಯಿಂದ ಬರುವವರಿದ್ದರೆ ಒಂದು ಹಿಡಿಯಷ್ಟು ತಂದರೆ ಸಾಕು.