ಮುರಿದ ಸ್ಕ್ರೂ

ಪರರ ವಸ್ತುವು ನಮ್ಮ ಕೈಯಲ್ಲಿರುವಾಗ ಅದಕ್ಕೆ ಹಾನಿಯಾದರೆ ಏನು ಮಾಡಬೇಕು? ಉತ್ತರವನ್ನು ಎಲ್ಲರೂ ಬಲ್ಲರು. ಆದರೆ ಹಾನಿಯನ್ನು ಕಂಡವರು ಯಾರೂ ಇಲ್ಲದಾಗ ಆ ಉತ್ತರವು ನಾಲಿಗೆಗೆ ಬರುವುದು ಸುಲಭವಲ್ಲ.

ಅಮೆರಿಕದ ಓಹಾಯೊ ರಾಜ್ಯದ ಸಣ್ಣ ಊರೊಂದರಲ್ಲಿ, ಕಾರ್ಖಾನೆಯಿಂದ ನಿವೃತ್ತರಾದ ಕುಶಲಕರ್ಮಿಯೊಬ್ಬರಿದ್ದರು. ಹವ್ಯಾಸಿ ರೇಡಿಯೊ ನಡೆಸುವ ಮಿತ್ರರ ಉಪಕರಣಗಳನ್ನು ದುರಸ್ತಿ ಮಾಡಿಕೊಡುವುದು ಅವರ ರೂಢಿ. ಒಮ್ಮೆ ವೃದ್ಧೆಯೊಬ್ಬರು ತಮ್ಮ ದಿವಂಗತ ಪತಿಯ ಮೇಜಿನ ಮೈಕನ್ನು ತಂದೊಪ್ಪಿಸಿದರು. ಆಕೆಗೂ ರೇಡಿಯೊ ಪರವಾನಗಿ ಇತ್ತು. ಪತಿ ಮಾತನಾಡುತ್ತಿದ್ದ ಮೈಕಿನಲ್ಲಿಯೇ ತಾವೂ ಮಾತನಾಡಬೇಕೆಂಬುದು ಆಕೆಯ ಆಸೆ. ಅದು ಅಸ್ಟಾಟಿಕ್ ಡಿ-104. 1933ರಲ್ಲಿ ಓಹಾಯೊದಲ್ಲಿಯೇ ತಯಾರಾಗತೊಡಗಿ, ಸುಮಾರು 70 ವರ್ಷ ಬಳಕೆದಾರರ ಮನ ಗೆದ್ದ ಮಾದರಿ.

ಮಾತನಾಡುವಾಗ ಧ್ವನಿ ಬಂದು ಹೋಗುತ್ತಿತ್ತು. ಪೀಠದೊಳಗೆ ತಂತಿಯೊಂದರ ಬೆಸುಗೆ ಬಿಟ್ಟಿರಬೇಕೆಂದು ಅವರು ಊಹಿಸಿದರು. ಆದರೆ ತಳದ ಸ್ಕ್ರೂ ತುಕ್ಕು ಹಿಡಿದು ಬಿಗಿದಿತ್ತು. ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಬೇಕೆಂಬುದು ಅವರಿಗೆ ತಿಳಿಯದ ವಿಷಯವಲ್ಲ. ಆದರೂ ಅಂದು ಆತುರಪಟ್ಟು ಬಲ ಪ್ರಯೋಗಿಸಿದರು. ಸ್ಕ್ರೂವಿನ ತಲೆ ಮುರಿದು ಕೈಗೆ ಬಂತು. ಮಿಕ್ಕ ಭಾಗ ಪೀಠದೊಳಗೆ ಸಿಕ್ಕಿಕೊಂಡಿತು.

ಮುರಿದ ತಲೆಯನ್ನು ಅಂಟಿನಿಂದ ಕೂರಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. 'ಬರುವಾಗಲೇ ಮುರಿದಿತ್ತು' ಎಂದಿದ್ದರೂ ಆಕೆ ನಂಬುತ್ತಿದ್ದರು. ಬಹಳ ಹೊತ್ತು ಸುಮ್ಮನೆ ಕುಳಿತಿದ್ದ ಅವರು ಕೊನೆಗೆ ದೂರವಾಣಿ ಎತ್ತಿಕೊಂಡರು.

"ನನ್ನ ಆತುರದಿಂದ ಸ್ಕ್ರೂ ಮುರಿಯಿತು. ಕೊರೆದು ತೆಗೆಯಬೇಕು. ಪೀಠಕ್ಕೆ ಪೆಟ್ಟಾಗುವ ಸಂಭವವೂ ಉಂಟು. ಬೇಡವೆಂದರೆ ಹೀಗೆಯೇ ಹಿಂದಿರುಗಿಸುತ್ತೇನೆ."

ಆಕೆ ಕ್ಷಣಕಾಲ ಮಾತನಾಡಲಿಲ್ಲ. ಬಳಿಕ, "ತೆಗೆಯಿರಿ. ಆದರೆ ನಿಧಾನವಾಗಿ ತೆಗೆಯಿರಿ" ಎಂದರು.

ಮೊದಲು ಅವರು ಮೈಕಿನ ತಲೆಯನ್ನು ಬಿಚ್ಚಿ ದೂರವಿಟ್ಟರು. ಅದರೊಳಗಿನ ಹರಳು ರೋಷೆಲ್ ಲವಣದ್ದು. ಒತ್ತಡಕ್ಕೆ ವಿದ್ಯುತ್ತನ್ನು ಹೊಮ್ಮಿಸುವ ಅದರ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡರು. ಆ ಹರಳು ತೇವವನ್ನೂ ತಾಳದು, ಸುಮಾರು 55 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖವನ್ನೂ ತಾಳದು. ಬಿಗಿದ ಸ್ಕ್ರೂವನ್ನು ಬಿಸಿಮಾಡಿ ಸಡಿಲಿಸುವುದುಂಟು. ಹರಳನ್ನು ಬೇರ್ಪಡಿಸದೆ ಹಾಗೆ ಮಾಡಿದರೆ ಸ್ಕ್ರೂ ಬಂದೀತು, ಧ್ವನಿ ಹೋದೀತು.

ಎಣ್ಣೆ ಬಿಟ್ಟು ಈ ಸಲ ರಾತ್ರಿಯಿಡೀ ಕಾದರು. ಮುರಿದ ತುದಿಯನ್ನು ಸಣ್ಣ ಅರದಿಂದ ಸಮಮಾಡಿ, ನಟ್ಟನಡುವೆ ಮೊನೆಯಿಂದ ಗುರುತು ಹಾಕಿದರು. ಸ್ಕ್ರೂ ಉಕ್ಕಿನದು, ಪೀಠದ ಲೋಹ ಮೃದು. ಗುರುತು ಕೂದಲೆಳೆಯಷ್ಟು ತಪ್ಪಿದರೂ ಬೈರಿಗೆಯು ಮೃದುವಾದ ಕಡೆಗೇ ಜಾರಿ ಮರೆಗಳನ್ನು ಕೆಡಿಸುತ್ತದೆ. ಎಡಕ್ಕೆ ತಿರುಗಿ ಕೊರೆಯುವ ಸಣ್ಣ ಬೈರಿಗೆ ಅವರಲ್ಲಿತ್ತು. ಅದು ಕೊರೆಯುತ್ತಲೇ ಸ್ಕ್ರೂವನ್ನು ಬಿಚ್ಚುವ ದಿಕ್ಕಿಗೆ ಎಳೆಯುತ್ತದೆ. ಸ್ವಲ್ಪ ಕೊರೆಯುವುದು, ನಿಲ್ಲಿಸುವುದು, ಪುಡಿಯನ್ನು ಒರೆಸುವುದು. ಕೊನೆಗೆ ತುಂಡು ಬೈರಿಗೆಯೊಡನೆಯೇ ಸುತ್ತುತ್ತ ಹೊರಬಂತು. ಮರೆಗಳು ಉಳಿದವು. ಮುಂದಿನ ಬೆಸುಗೆ ಕೆಲವೇ ನಿಮಿಷಗಳ ಕೆಲಸ.

ಹೊಸ ಸ್ಕ್ರೂ ಹಳೆಯವುಗಳ ನಡುವೆ ಹೊಳೆಯುತ್ತಿತ್ತು. ಅದನ್ನು ಹಳೆಯದರಂತೆ ಕಾಣಿಸಲು ಅವರು ಯತ್ನಿಸಲಿಲ್ಲ. ಮುರಿದ ತುಂಡುಗಳನ್ನು ಕಾಗದದಲ್ಲಿ ಕಟ್ಟಿ ಮೈಕಿನೊಡನೆ ಕೊಟ್ಟರು.

ತಪ್ಪನ್ನು ಮುಚ್ಚಿಟ್ಟವನು ಸುಳ್ಳನ್ನಷ್ಟೇ ಆಡುವುದಿಲ್ಲ. ಮುಂದೇನಾಗಬೇಕೆಂದು ನಿರ್ಧರಿಸುವ ಹಕ್ಕನ್ನೂ ಒಡೆಯನಿಂದ ಕಸಿದುಕೊಳ್ಳುತ್ತಾನೆ. ಕೊರೆಯಬೇಕೇ ಬೇಡವೇ ಎಂದು ಹೇಳಬೇಕಾದವರು ಆ ವೃದ್ಧೆಯೇ ಹೊರತು ಅವರಲ್ಲ. ಅಂಗಡಿಯಲ್ಲಿ ಗಿರಾಕಿಯ ಒಡವೆಯಿರಲಿ, ಸಂಸ್ಥೆಯಲ್ಲಿ ದಾನಿಗಳ ಹಣವಿರಲಿ, ನಂಬಿ ಒಪ್ಪಿಸಿದ ವಸ್ತುವಿಗೆ ಒಡೆಯರು ಬೇರೆ ಇದ್ದಾರೆ. ಕೈತಪ್ಪು ಯಾರಿಗೂ ಆಗಬಹುದು. ಅದನ್ನು ಸರಿಪಡಿಸುವ ಮೊದಲ ಉಪಕರಣ ಬೈರಿಗೆಯಲ್ಲ, ಆ ದೂರವಾಣಿ ಕರೆ.