ಮೂರು ತಂತಿಗಳ ಸಪ್ಪಳ

‘ರೋಬೋ’ ಎಂಬ ಪದವು ಲೋಕಕ್ಕೆ ಪರಿಚಯವಾದದ್ದು ಕರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ಚೆಕ್ ನಾಟಕದಿಂದ. ಅದರ ಮೂಲದಲ್ಲಿರುವ ಅರ್ಥ ಬಲವಂತದ ದುಡಿಮೆ. ನಮ್ಮ ವ್ಯಾಕರಣದ ತದ್ಭವಪಟ್ಟಿಯಲ್ಲಿ ‘ವಿಷ್ಟಿ’ಯ ಎದುರಿಗೆ ಕುಳಿತಿರುವ ‘ಬಿಟ್ಟಿ’ಯೇ ಅದು. ಡಿಪ್ಲೊಮಾ ಓದುತ್ತಿರುವ ನನ್ನ ತಮ್ಮನಿಗೆ ಇದನ್ನು ಹೇಳಿದಾಗ ಅವನು ನಗಲಿಲ್ಲ. ಸ್ಪರ್ಧೆಗೆ ಎರಡೇ ದಿನಗಳಿದ್ದವು. ಅವನ ರೋಬೋ ಬಿಟ್ಟಿಯಿರಲಿ, ಕೂಲಿ ಕೊಟ್ಟರೂ ದುಡಿಯುವ ಸ್ಥಿತಿಯಲ್ಲಿರಲಿಲ್ಲ.

ಬಲಗಾಲಿ ಸರಾಗವಾಗಿ ತಿರುಗುತ್ತಿತ್ತು. ಎಡಗಾಲಿ ನಡುಗಿ, ಗುಂಯ್‌ಗುಟ್ಟಿ, ನಿಂತುಬಿಡುತ್ತಿತ್ತು. ಸ್ಪೀಡ್ ಕಂಟ್ರೋಲರ್ ಸುಟ್ಟುಹೋಗಿದೆಯೆಂದು ತಂಡದವರೆಲ್ಲ ತೀರ್ಮಾನಿಸಿ ಹೊಸದಕ್ಕೆ ಹಣ ಕೂಡಿಸತೊಡಗಿದ್ದರು. ಆ ಹಣ ಕೆಲವರ ಪಾಲಿಗೆ ಹಾಸ್ಟೆಲಿನ ಊಟದ ಹಣ.

ನಮ್ಮ ಸೋದರಮಾವ ರಾಯದುರ್ಗದಲ್ಲಿ ಬೋರ್‌ವೆಲ್ ಮೋಟರುಗಳಿಗೆ ವೈಂಡಿಂಗ್ ಕಟ್ಟುವವರು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ತಾಲ್ಲೂಕು ಅದು. ಅವರ ಅಂಗಡಿಯ ಫಲಕ ತೆಲುಗಿನಲ್ಲಿದೆ. ಮೋಟರಿನ ಕಾಯಿಲೆಯನ್ನು ವಿಚಾರಿಸುವುದು ಮಾತ್ರ ಕನ್ನಡದಲ್ಲಿ. ಮಡಕಶಿರದ ನಮ್ಮ ಮನೆಯಿಂದ ಫೋನು ಮಾಡಿದೆವು. ತಮ್ಮ ವೋಲ್ಟೇಜು, ಪ್ರೋಗ್ರಾಮು ಎಂದು ಆರಂಭಿಸಿದ.

“ಅದಿರಲಿ ಅಳಿಯ, ಸಪ್ಪಳ ಹೆಂಗೈತೆ?”

“ತಿರುಗದೆ ಗುಂಯ್ ಅಂತದೆ ಮಾವ.”

“ತಂತಿ ಎಷ್ಟು?”

“ಮೂರು.”

“ಹಂಗಾದ್ರೆ ಒಂದು ಫೇಸ್ ಬರ್ತಿಲ್ಲ, ನೋಡು.”

ನಮ್ಮ ಕಡೆಯ ಯಾವ ರೈತನಿಗೂ ಈ ಮಾತು ಹೊಸದಲ್ಲ. ಮೂರರಲ್ಲಿ ಒಂದು ಫೇಸ್ ತಪ್ಪಿದಾಗ ಪಂಪಿನ ಮೋಟರ್ ಏಳಲಾರದೆ ಗುಂಯ್‌ಗುಡುತ್ತದೆ. ಹಾಗೆಯೇ ಬಿಟ್ಟರೆ ಸುಡುತ್ತದೆ. ರೋಬೋದ ಬ್ರಶ್‌ಲೆಸ್ ಮೋಟರಿನಲ್ಲೂ ಮೂರು ಸುರುಳಿಗಳು. ಬ್ಯಾಟರಿಯ ನೇರ ವಿದ್ಯುತ್ತನ್ನು ಆ ಮೂರಕ್ಕೂ ಸರದಿಯಂತೆ ಹಂಚುವುದೇ ಕಂಟ್ರೋಲರಿನ ಕೆಲಸ. ಗಾತ್ರ ಅಂಗೈಯಷ್ಟಾದರೂ ರೋಗ ಅದೇ.

ಫೇಸ್ ತಪ್ಪಿರುವುದು ಎಲ್ಲಿ? ಮಾವನ ಸೂಚನೆಯಂತೆ ರೋಬೋವನ್ನು ಗಾಲಿ ನೆಲ ಮುಟ್ಟದ ಹಾಗೆ ಇಟ್ಟಿಗೆಗಳ ಮೇಲೆ ಕೂರಿಸಿ, ಬ್ಯಾಟರಿ ಕಳಚಿ, ಎಡ ಬಲ ಮೋಟರುಗಳ ತಂತಿಗಳನ್ನು ಅದಲುಬದಲು ಮಾಡಿದೆವು. ಮತ್ತೇನನ್ನೂ ಮುಟ್ಟಕೂಡದೆಂಬುದು ಅವರ ಕಟ್ಟಪ್ಪಣೆ. ನಡುಕ ಬಲಗಾಲಿಗೆ ಬಂದಿದ್ದರೆ ಕಂಟ್ರೋಲರೇ ಅಪರಾಧಿ. ಬರಲಿಲ್ಲ, ಎಡಗಾಲಿಯೇ ನಡುಗಿತು. ಸುಟ್ಟಿತೆಂದು ಎಲ್ಲರೂ ಶಪಿಸಿದ್ದ ಕಂಟ್ರೋಲರ್ ಬಲಗಾಲಿಯನ್ನು ಲೀಲಾಜಾಲವಾಗಿ ತಿರುಗಿಸುತ್ತಿತ್ತು.

ಎಡಮೋಟರಿನ ತಂತಿಗಳನ್ನು ಒಂದೊಂದಾಗಿ ಮೆಲ್ಲನೆ ಜಗ್ಗಿದಾಗ, ಎರಡನೆಯದು ಪ್ಲಾಸ್ಟಿಕ್ ಹೊದಿಕೆಯೊಳಗಿನಿಂದ ಸಲೀಸಾಗಿ ಕೈಗೆ ಬಂದಿತು. ಬೆಸುಗೆ ಬಿಟ್ಟಿತ್ತು, ಹೊದಿಕೆ ಅದನ್ನು ಮರೆಮಾಚಿತ್ತು. ಮತ್ತೆ ಬೆಸೆದು ಜೋಡಿಸಿದಾಗ ಗಾಲಿ ತಿರುಗಿತು, ಆದರೆ ಹಿಮ್ಮುಖವಾಗಿ. ಇದಕ್ಕೆ ಫೋನು ಬೇಕಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಪ್ಪ, “ಎರಡು ತಂತಿ ಬದಲಿಸಿ ಕೊಡೋ” ಎಂದು ಹೇಳಿ ತೋಟಕ್ಕೆ ನಡೆದರು. ಬೋರ್ ಮೋಟರ್ ಹಿಂದುಮುಂದಾಗಿ ತಿರುಗಿ ನೀರು ಕಡಿಮೆಯಾದಾಗ ಅವರು ಮಾಡುವುದೂ ಅದನ್ನೇ.

ಎರಡೂ ಗಾಲಿಗಳು ಒಂದೇ ದಿಕ್ಕಿಗೆ ಓಡಿದವು. ಕೂಡಿಸಿದ್ದ ಹಣವನ್ನು ತಮ್ಮ ಅವರವರಿಗೆ ಹಿಂತಿರುಗಿಸಿ, ಉಳಿದ ಐದು ಬೆಸುಗೆಗಳನ್ನೂ ಒಂದೊಂದಾಗಿ ಜಗ್ಗಿ ನೋಡಲು ಕುಳಿತ.